ನೆಲದಡಿಯ ನೀರಿನ ಆಯವ್ಯಯ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿಗೆ ಸೇರಿದ ನಾಯಕನಹಟ್ಟಿಯು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದರಲ್ಲಿದೆ. ಇಲ್ಲಿ ನೆಲೆಸಿದ್ದ ತಿಪ್ಪೇರುದ್ರಸ್ವಾಮಿಗಳು ಸುತ್ತಮುತ್ತ ಕೆರೆಗಳನ್ನು ಕಟ್ಟಿಸಿದರೆಂದು ಜನರು ಇಂದಿಗೂ ಸ್ಮರಿಸುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ನುಡಿ ಈ ಸೀಮೆಯಲ್ಲಿ ಮನೆಮಾತು. ಇದನ್ನು ನೀರಿಗೂ ಅನ್ವಯಿಸಿದರೆ ತಪ್ಪಾಗಲಾರದು: ನೆಲಕ್ಕೆ ಎಷ್ಟು ಇಂಗಿತೋ ಅಷ್ಟನ್ನೇ ಮೇಲೆತ್ತಬೇಕು. ಆದರೆ ಇಂಗುವುದು ಎಷ್ಟು? ಕಣ್ಣಿಗೆ ಕಾಣದ ಈ ಸಂಪತ್ತನ್ನು ಅಳೆಯುವುದು ಹೇಗೆ? ಪ್ರೌಢಶಾಲೆಯ ಗಣಿತವೇ ಇದಕ್ಕೆ ಸಾಕು.

ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಸುರಿದರೆ ದೊರೆಯುವ ನೀರು ಸರಿಯಾಗಿ ಒಂದು ಲೀಟರು. ಒಂದು ಚದರ ಕಿಲೋಮೀಟರಿನಲ್ಲಿ ಹತ್ತು ಲಕ್ಷ ಚದರ ಮೀಟರುಗಳಿರುವುದರಿಂದ, ಅಲ್ಲಿ ಒಂದು ಮಿಲಿಮೀಟರು ಮಳೆ ಎಂದರೆ 1,000 ಘನ ಮೀಟರು ನೀರು. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 450 ಮಿಲಿಮೀಟರು ಮಳೆಯಾಗುವುದೆಂದು ಇಟ್ಟುಕೊಂಡರೆ, ಪ್ರತಿ ಚದರ ಕಿಲೋಮೀಟರಿಗೆ 4,50,000 ಘನ ಮೀಟರು ನೀರು ಬಿದ್ದಂತಾಯಿತು.

ಇದನ್ನು ಕಂಡು ನಾವು ಹಿಗ್ಗಬೇಕಾಗಿಲ್ಲ. ಬಿದ್ದ ನೀರಿನ ಬಹುಪಾಲು ಬಿಸಿಲಿಗೆ ಆವಿಯಾಗುತ್ತದೆ. ಒಂದಷ್ಟನ್ನು ಗಿಡಮರಗಳು ಹೀರುತ್ತವೆ. ಮತ್ತಷ್ಟು ಹಳ್ಳಗಳಲ್ಲಿ ಹರಿದುಹೋಗುತ್ತದೆ. ಗಟ್ಟಿ ಶಿಲೆಯ ಪ್ರದೇಶದಲ್ಲಿ ಆಳಕ್ಕೆ ಇಳಿಯುವುದು ಸೇಕಡ 8ರಷ್ಟು ಎಂದು ಎಣಿಸೋಣ. ಆಗ ಅಂತರ್ಜಲಕ್ಕೆ ಜಮೆಯಾಗುವುದು ಕೇವಲ 36 ಮಿಲಿಮೀಟರು, ಅಂದರೆ 36,000 ಘನ ಮೀಟರು. ಇದೇ ನಮ್ಮ ವಾರ್ಷಿಕ ಆದಾಯ.

ಇನ್ನು ವೆಚ್ಚದ ಕಡೆಗೆ ತಿರುಗೋಣ. ಆ ಚದರ ಕಿಲೋಮೀಟರಿನಲ್ಲಿ 200 ಜನರಿದ್ದು, ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರಿನಂತೆ ನೀರು ಬೇಕೆಂದರೆ ವರ್ಷಕ್ಕೆ ಸುಮಾರು 4,000 ಘನ ಮೀಟರು ಆಗುತ್ತದೆ. ದನಕರುಗಳಿಗೂ ಕುರಿಗಳಿಗೂ 2,000 ಘನ ಮೀಟರು ತೆಗೆದಿಟ್ಟರೆ ಬೇಸಾಯಕ್ಕೆ ಉಳಿಯುವುದು 30,000. ಬೇಸಗೆಯಲ್ಲಿ ನೀರು ಹಾಯಿಸಿ ಬೆಳೆಯುವ ಕಡಲೆಕಾಯಿಗೆ ಸುಮಾರು 500 ಮಿಲಿಮೀಟರು ನೀರು ಬೇಕು. ಎಕರೆಯೊಂದಕ್ಕೆ ಇದು 2,000 ಘನ ಮೀಟರಿಗೆ ಸಮ. ಹಾಗಾದರೆ 15 ಎಕರೆಗೆ ಮಾತ್ರ ನೀರುಂಟು. 1,200 ಮಿಲಿಮೀಟರು ಬೇಡುವ ಬತ್ತವನ್ನು ಹಾಕಿದರೆ ಆರು ಎಕರೆಗೇ ಗಂಟು ಕರಗುತ್ತದೆ. ಒಂದು ಚದರ ಕಿಲೋಮೀಟರಿನಲ್ಲಿ 247 ಎಕರೆಗಳಿರುವುದೆಂಬುದನ್ನು ನೆನೆದರೆ ಈ ಅಂಕೆಗಳ ಅರ್ಥ ಮನದಟ್ಟಾದೀತು. ಕೆರೆಗಳಿಂದ ಇಂಗುವ ನೀರೂ, ಹೊಲಕ್ಕೆ ಹಾಯಿಸಿದ್ದರಲ್ಲಿ ಮರಳಿ ಇಳಿಯುವ ಭಾಗವೂ ಈ ಆದಾಯಕ್ಕೆ ಕೂಡುತ್ತವೆ, ನಿಜ. ಆದರೂ ಲೆಕ್ಕದ ಸ್ವರೂಪ ಬದಲಾಗದು.

ಬರಗಾಲದ ವರ್ಷದ ಲೆಕ್ಕವನ್ನೂ ನೋಡೋಣ. ಮಳೆ 300 ಮಿಲಿಮೀಟರಿಗೆ ಇಳಿಯಿತೆನ್ನಿ. ಆದಾಯ 24,000 ಘನ ಮೀಟರು. ಕುಡಿಯುವ ನೀರಿನ 6,000ವನ್ನು ಕಡಿಮೆ ಮಾಡುವಂತಿಲ್ಲ. ಉಳಿದ 18,000ದಲ್ಲಿ ಒಂಬತ್ತೇ ಎಕರೆ ಕಡಲೆಕಾಯಿ ಬೆಳೆಯಬಹುದು. ಮಳೆ ತಗ್ಗಿದ್ದು ಮೂರರಲ್ಲೊಂದು ಪಾಲು. ಬೆಳೆಯ ವಿಸ್ತೀರ್ಣ ತಗ್ಗಬೇಕಾದದ್ದು ಸೇಕಡ 40. ಬದಲಾಗದ ವೆಚ್ಚವಿರುವ ಕಡೆ ಆದಾಯದ ಸಣ್ಣ ಕುಸಿತವೂ ಉಳಿಕೆಯನ್ನು ಹೆಚ್ಚು ಕುಗ್ಗಿಸುವುದೆಂಬುದು ಇಲ್ಲಿನ ಗಣಿತ.

ಈ ಮಿತಿಯನ್ನು ಮೀರಿದರೆ ಏನಾಗುವುದು? ಶಿಲೆಯು ಸ್ಪಂಜಿನಂತಲ್ಲ. ಶಿಥಿಲಗೊಂಡ ಕಲ್ಲಿನ ಪದರವು ಬಿಟ್ಟುಕೊಡುವ ನೀರು ಅದರ ಗಾತ್ರದ ಸೇಕಡ 2ರಷ್ಟು ಮಾತ್ರ ಎಂದು ತಿಳಿಯೋಣ. ಆಗ 36 ಮಿಲಿಮೀಟರು ನೀರು ಇಂಗಿದರೆ ಬಾವಿಯ ಮಟ್ಟವು 1.8 ಮೀಟರು ಏರುತ್ತದೆ. ತೆಗೆದರೆ ಅಷ್ಟೇ ಇಳಿಯುತ್ತದೆ. ಹದಿನೈದರ ಬದಲು 24 ಎಕರೆಗೆ ನೀರುಣಿಸಿದರೆ ವರ್ಷಕ್ಕೆ 18,000 ಘನ ಮೀಟರು ಸಾಲ. ನೀರಿನ ಮಟ್ಟ ವರ್ಷಕ್ಕೆ 0.9 ಮೀಟರಿನಂತೆ ಹತ್ತು ವರ್ಷಗಳಲ್ಲಿ ಒಂಬತ್ತು ಮೀಟರು ಕುಸಿಯುತ್ತದೆ. ಮೊದಲು ಒಣಗುವುದು ಆಳವಿಲ್ಲದ ಬಾವಿ, ಎಂದರೆ ಬಡವನ ಬಾವಿ. ಕೊಳವೆ ಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆದವನು ಹೊಸ ಆದಾಯವನ್ನೇನೂ ಗಳಿಸುವುದಿಲ್ಲ. ನೆರೆಯವನೊಡನೆ ಹಂಚಿಕೊಂಡಿರುವ ಒಂದೇ ಗಂಟಿನಿಂದ ಹೆಚ್ಚು ಬಾಚಿಕೊಳ್ಳುತ್ತಾನೆ. ಆದಕಾರಣ ಲೆಕ್ಕವನ್ನು ಹೊಲಹೊಲಕ್ಕೆ ಮಾಡಿದರೆ ಸಾಲದು, ಊರಿಗೆಲ್ಲ ಒಂದಾಗಿ ಮಾಡಬೇಕು.

ಆದಾಯಕ್ಕಿಂತ ಹೆಚ್ಚು ನೀರೆತ್ತುವ ಪ್ರದೇಶವನ್ನು ಕೇಂದ್ರ ಅಂತರ್ಜಲ ಮಂಡಳಿಯು ‘ಅತಿ ಬಳಕೆ’ಯ ವರ್ಗಕ್ಕೆ ಸೇರಿಸುತ್ತದೆ. ಚಳ್ಳಕೆರೆ ತಾಲ್ಲೂಕು ಅದರ ವರದಿಗಳಲ್ಲಿ ಈ ವರ್ಗದಲ್ಲಿ ಕಾಣಿಸಿಕೊಂಡಿದೆ.

ಇಂಥ ಲೆಕ್ಕವು ಕಾಗದದ ಮೇಲೆಯೇ ಉಳಿಯಬೇಕಾಗಿಲ್ಲ. ನೆರೆಯ ಅನಂತಪುರವೂ ಸೇರಿ ಆಗಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ, ರೈತರೇ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಹಿಂಗಾರಿನ ಬಿತ್ತನೆಗೆ ಮೊದಲು ಒಟ್ಟಾಗಿ ಕುಳಿತು ನೀರಿನ ಆಯವ್ಯಯವನ್ನು ಸಿದ್ಧಪಡಿಸುತ್ತಿದ್ದರು. ಇಂತಿಷ್ಟೇ ಬೆಳೆಯಿರೆಂದು ಯಾರೂ ಅವರನ್ನು ಬಲವಂತಪಡಿಸಲಿಲ್ಲ. ಅಂಕೆಗಳನ್ನು ಕಂಡು ಅನೇಕರು ತಾವಾಗಿಯೇ ಬತ್ತವನ್ನು ಬಿಟ್ಟು ಕಡಿಮೆ ನೀರಿನ ಬೆಳೆಗಳಿಗೆ ತಿರುಗಿದರು. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಟಲ್ ಭೂಜಲ ಯೋಜನೆಯು ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಆಯವ್ಯಯಕ್ಕೆ ಒತ್ತುಕೊಟ್ಟಿತು.

ವಿದ್ಯಾರ್ಥಿಗಳೂ ಈ ಕೆಲಸದಲ್ಲಿ ತೊಡಗಬಹುದು. ನೇರ ಪಕ್ಕಗಳುಳ್ಳ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ಅದರಲ್ಲಿ ನಿಂತ ನೀರನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿರಿ. ಹಿರಿಯರ ಜೊತೆಗೂಡಿ ಊರಿನ ತೆರೆದ ಬಾವಿಯ ನೀರಿನ ಆಳವನ್ನು ಮುಂಗಾರಿಗೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಳೆಯಿರಿ. ಮಟ್ಟದ ಏರಿಕೆಯನ್ನು 0.02ರಿಂದಲೂ ಊರಿನ ವಿಸ್ತೀರ್ಣದಿಂದಲೂ ಗುಣಿಸಿದರೆ ಆ ವರ್ಷದ ಜಮೆ ಸ್ಥೂಲವಾಗಿ ದೊರೆಯುತ್ತದೆ. ಅದನ್ನು ಬಿತ್ತನೆಗೆ ಮೊದಲೇ ಶಾಲೆಯ ಗೋಡೆಯ ಮೇಲೆ ಬರೆಯಿರಿ. ಬೀಜವು ಮಣ್ಣಿಗೆ ಬಿದ್ದ ಬಳಿಕ ನೀರಿಲ್ಲವೆಂದು ತಿಳಿದರೆ ರೈತನಿಗೆ ಉಳಿಯುವುದು ಸಾಲವೊಂದೇ.