ಬಾಯಿ ಬಾರದವನಿಗೂ ಟಿಕೇಟು ಬೇಕು

ಮಣಿಪಾಲ: ಸಂಜೆ ಆರರ ಹೊತ್ತು. ಟೈಗರ್ ಸರ್ಕಲ್‌ನಿಂದ ಹೊರಟ ಉಡುಪಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. "ಎಲ್ಲಿಗೆ? ಬೇಗ ಹೇಳಿ ಮಾರಾಯ್ರೆ" ಎಂದು ಕಂಡಕ್ಟರ್ ಅವಸರಪಡಿಸುತ್ತಾನೆ. ಎದುರಿಗಿದ್ದವನ ತುಟಿ ಅಲುಗುತ್ತದೆ, ಮಾತು ಹೊರಡುವುದಿಲ್ಲ. "ಸಮಾ ಹಾಕಿದ್ದಾನೆ" ಎಂದು ಹಿಂದಿನಿಂದ ಯಾರೋ ತೀರ್ಪು ಕೊಟ್ಟೂ ಆಯಿತು. ಪಾಪ, ಆತ ಕುಡಿದವನಲ್ಲ. ಪಾರ್ಶ್ವವಾಯು ಬಡಿದು ಮಾತು ಕಳಕೊಂಡವನು.

ಇದು ಇಂಥವರದ್ದೇ ಕಥೆ ಎಂದಲ್ಲ. ದೊಡ್ಡಾಸ್ಪತ್ರೆ ಇರುವ ಊರಿನಲ್ಲಿ ಯಾವ ದಿನ, ಯಾವ ಬಸ್ಸಿನಲ್ಲೂ ಆಗಬಹುದಾದ ಸಂಗತಿ. ಆತನ ಜೇಬಿನಲ್ಲಿ ಇಂದ್ರಾಳಿ, ಕಡಿಯಾಳಿ, ಕಲ್ಸಂಕ ಎಂದು ಬರೆದ ಒಂದು ರಟ್ಟಿನ ಕಾರ್ಡು ಇದ್ದಿದ್ದರೆ? ಬೆರಳಿಟ್ಟು ತೋರಿಸಿದರೆ ಮುಗಿಯಿತು, ಟಿಕೇಟು ಕೈಗೆ!

ರಟ್ಟಿನಿಂದ ಯಂತ್ರದವರೆಗೆ

ಮಾತಿಗೆ ಬದಲಿಯಾಗಿ, ಇಲ್ಲವೇ ಮಾತಿಗೆ ಆಸರೆಯಾಗಿ ನಿಲ್ಲುವ ಇಂಥ ಸಾಧನಗಳದ್ದೇ ಈಗ ಒಂದು ಶಾಸ್ತ್ರ. ಕೈಸನ್ನೆ, ಚಿತ್ರದ ಹಲಗೆ, ಒತ್ತಿದರೆ ಮಾತಾಡುವ ಯಂತ್ರ, ಎಲ್ಲವೂ ಇದರಲ್ಲಿ ಸೇರಿವೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ಗಂಟಲ ಶಸ್ತ್ರಚಿಕಿತ್ಸೆಯಿಂದ ಸ್ವರ ಕಳಕೊಂಡಾಗ ಮೊದಲು ನೆರವಾದದ್ದು ಅಕ್ಷರದ ಕಾರ್ಡು. ಬೇಕಾದ ಅಕ್ಷರ ಬಂದಾಗ ಅವರು ಹುಬ್ಬೇರಿಸುತ್ತಿದ್ದರು. ಕಂಪ್ಯೂಟರಿನ ದನಿ ಬಂದದ್ದು ಆಮೇಲೆ.

ನಮ್ಮ ರಾಜ್ಯದಲ್ಲಿ 1965ರಲ್ಲೇ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಮಣಿಪಾಲದಲ್ಲೂ ಮಾತಿನ ತರಬೇತಿಗೆ, ಕಲಿಕೆಗೆ, ಸಂಶೋಧನೆಗೆ ಪ್ರತ್ಯೇಕ ವಿಭಾಗವೇ ಇದೆ. ಚೆನ್ನೈನಲ್ಲಿ ತಯಾರಾದ 'ಆವಾಜ್' ಎಂಬ ಸಾಧನ ನಮ್ಮ ದೇಶದ ಮಕ್ಕಳನ್ನು ಕಣ್ಣೆದುರಿಟ್ಟುಕೊಂಡೇ ರೂಪಿಸಿದ್ದು.

ತಂದೆತಾಯಿಯ ಭಯ

"ಇದನ್ನು ಕೊಟ್ಟರೆ ಮಗು ಮಾತು ಕಲಿಯುವುದೇ ಇಲ್ಲವಲ್ಲ?" ಹೆತ್ತವರ ಮೊದಲ ಪ್ರಶ್ನೆ ಇದೇ. ಅಮೆರಿಕದ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ 2006ರಲ್ಲಿ ಉತ್ತರ ಕೊಟ್ಟರು. ನಂಬಲರ್ಹ ಎನಿಸಿದ 27 ಪ್ರಕರಣಗಳಲ್ಲಿ ಒಂದರಲ್ಲೂ ಇದ್ದ ಮಾತು ಕಡಿಮೆಯಾಗಲಿಲ್ಲ. ಹೆಚ್ಚಿನವರಲ್ಲಿ ಮಾತು ಅಷ್ಟಿಷ್ಟು ಸುಧಾರಿಸಿತ್ತು. ಅಂದರೆ ಹೆದರಿ ಕೂತು ಕಾಲ ಕಳೆದರೆ ನಷ್ಟ ಮಗುವಿಗೇ.

ಬೂತಾಯಿಯ ಚಿತ್ರವೆಲ್ಲಿ?

ನಿಜವಾದ ತೊಡಕು ಬೇರೆ ಇದೆ. ಪರದೇಶದ ಚಿತ್ರದ ಹಲಗೆಯಲ್ಲಿ ಬ್ರೆಡ್ಡು, ಹಿಮದ ಗೊಂಬೆ ಇರುತ್ತದೆ. ಕಾಪುವಿನ ಹುಡುಗನಿಗೆ ಬೇಕಾದದ್ದು ಗಂಜಿ, ಬೂತಾಯಿ, ಕೋಲ, ತೇರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ ಎಂಬ ಊರಿದು. ಯಂತ್ರ ಯಾವ ಭಾಷೆ ಆಡಬೇಕು? ಸಾಲದ್ದಕ್ಕೆ ಕನ್ನಡದ ವ್ಯಾಕರಣ. 'ನಾನು', 'ಅಂಗಡಿ', 'ಹೋಗು' ಎಂಬ ಮೂರು ಚಿತ್ರ ಒತ್ತಿದ ಮಾತ್ರಕ್ಕೆ "ಅಂಗಡಿಗೆ ಹೋಗ್ತೇನೆ" ಎಂದಾಗುವುದಿಲ್ಲ. ಆ 'ಗೆ' ಮತ್ತು 'ತೇನೆ' ಸೇರಿಸಲು ಯಂತ್ರಕ್ಕೂ ಕನ್ನಡ ಬರಬೇಕು. ಇಂಗ್ಲಿಷಿಗೆ ಹೊಲಿದ ಅಂಗಿ ನಮಗೆ ಸರಿಹೊಂದೀತೇ?

ಕಾನೂನೇನೋ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಮಾತಿನ ತೊಂದರೆಯೂ ಒಂದು. ಪರ್ಯಾಯ ವಿಧಾನಗಳನ್ನೂ 'ಸಂವಹನ' ಎಂದೇ ಅದು ಒಪ್ಪಿದೆ. ಆದರೆ ಕಾಯ್ದೆ ಬಸ್ಸು ಹತ್ತುವುದಿಲ್ಲ, ಅಂಗಡಿಯ ಗಲ್ಲೆಯಲ್ಲಿ ಕೂರುವುದಿಲ್ಲ. ಅಲ್ಲಿ ಇರುವವರು ನಾವು ನೀವೇ.

ಮಾಡಬೇಕಾದ್ದು ದೊಡ್ಡದೇನಲ್ಲ. ಜತೆಗೆ ಬಂದವರನ್ನು ಬಿಟ್ಟು ಆತನನ್ನೇ ನೋಡಿ ಕೇಳಿ. 'ಹೌದು', 'ಅಲ್ಲ' ಎನ್ನಲಾಗುವ ಪ್ರಶ್ನೆ ಹಾಕಿ. ಕಿವಿ ಕೇಳುವವನ ಎದುರು ಕೂಗಬೇಡಿ. ಬೆರಳು ಚಿತ್ರ ಮುಟ್ಟುವ ತನಕ ಸ್ವಲ್ಪ ಕಾಯಿರಿ.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ಮಾತು ಬರುವವರು ಕಟ್ಟಿದ ಗಾದೆ. ಬಾರದವನಿಗೆ ಆ ಬಂಗಾರ ಬೇಡ. ಕಲ್ಸಂಕಕ್ಕೆ ಒಂದು ಟಿಕೇಟು ಸಾಕು.