ಕೆಳದಿಯ ರಾಣಿಯರು: ವೇಷದಲ್ಲಿ ಕಂಡದ್ದು, ಬದುಕಿದ್ದು

ಭದ್ರಾವತಿಯ ಓಲ್ಡ್ ಟೌನ್ ಇರಲಿ, ಶಿವಮೊಗ್ಗದ ಕೋಟೆ ರಸ್ತೆ ಇರಲಿ, ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ರಾಣಿಗೆ ಇರುವುದು ಎರಡೇ ರೂಪ. ಒಂದೋ ಮೈತುಂಬ ಒಡವೆ, ಇಲ್ಲವೇ ಕೈಯಲ್ಲಿ ರಟ್ಟಿನ ಕತ್ತಿ. ಇದೇ ಮಲೆನಾಡನ್ನು ಎರಡೂವರೆ ಶತಮಾನ ಆಳಿದ ಕೆಳದಿ ಅರಸು ಮನೆತನದ ಹೆಣ್ಣುಮಕ್ಕಳು ಹೀಗೆ ವೇಷವಾಗಿಯೇ ಉಳಿದುಬಿಟ್ಟಿದ್ದಾರೆ. ಅವರು ಮಾಡಿದ ಕೆಲಸ ನಮ್ಮ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ.

ಮೊದಲು ಹೆಸರಿನ ಗೊಂದಲ. ಕಿತ್ತೂರು ಚೆನ್ನಮ್ಮ ಮತ್ತು ಕೆಳದಿ ಚೆನ್ನಮ್ಮ ಒಬ್ಬರೇ ಎಂದುಕೊಂಡವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಕಿತ್ತೂರಿನ ರಾಣಿ ಬ್ರಿಟಿಷರ ವಿರುದ್ಧ ನಿಂತದ್ದು 1824ರಲ್ಲಿ. ಕೆಳದಿಯ ಚೆನ್ನಮ್ಮ ಅದಕ್ಕೂ ಒಂದೂವರೆ ಶತಮಾನ ಮೊದಲೇ, 1672ರಿಂದ 1697ರವರೆಗೆ ಆಳಿದವಳು. ಆಕೆಯ ರಾಜಧಾನಿ ಶಿವಮೊಗ್ಗವೂ ಅಲ್ಲ. ಇಂದು ಹೊಸನಗರ ತಾಲೂಕಿನಲ್ಲಿ ನಗರ ಎಂದು ಕರೆಯುವ ಬಿದನೂರು.

ರಾಣಿಯಾಗಲು ಅರಸು ಮನೆಯಲ್ಲೇ ಹುಟ್ಟಬೇಕಿತ್ತು ಎಂಬುದು ಇನ್ನೊಂದು ನಂಬಿಕೆ. ಚೆನ್ನಮ್ಮ ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳು, ವ್ಯಾಪಾರಿ ಮನೆಯ ಹುಡುಗಿ. ಕೆಳದಿಯ ಅರಸ ಸೋಮಶೇಖರ ನಾಯಕ ಆಕೆಯನ್ನು 1667ರಲ್ಲಿ ಮದುವೆಯಾದ. ಲೆಕ್ಕ, ಸರಕು, ಸಾಲ, ಮಾತಿನ ಬೆಲೆ ಇವೆಲ್ಲ ತವರಿನಲ್ಲೇ ಕಿವಿಗೆ ಬಿದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ. ಮೆಣಸು, ಅಕ್ಕಿಯ ವ್ಯಾಪಾರಕ್ಕೆ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಳ್ಳುವಾಗ ಈ ತಿಳಿವಳಿಕೆ ಕತ್ತಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿರುತ್ತದೆ.

“ಅರಮನೆಯ ಹೆಂಗಸರಿಗೆ ಕೆಲಸವೇನು? ಅಲಂಕಾರ, ದಾಸಿಯರು, ಪಲ್ಲಕ್ಕಿ.”

ಈ ಮಾತಿಗೆ ಉತ್ತರ ಕೊಡಲು ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಸಾಕು. ಅವನು 1623ರಲ್ಲಿ, ಆಗ ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಗೆ ಬಂದಿದ್ದ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಅಲ್ಲಿಂದ ಘಟ್ಟ ಇಳಿದ ಪ್ರವಾಸಿ, ವೆಂಕಟಪ್ಪನ ಬೆಂಬಲ ಪಡೆದಿದ್ದ ಉಳ್ಳಾಲದ ರಾಣಿಯನ್ನು ಹುಡುಕಿಕೊಂಡು ಹೋದ. ಅವಳು ಸಿಕ್ಕಿದ್ದು ಅರಮನೆಯ ಒಳಗಲ್ಲ, ಹೊಲದ ಬಯಲಿನಲ್ಲಿ. ಬರಿಗಾಲು, ಸಾದಾ ಹತ್ತಿಯ ಬಟ್ಟೆ. ಗದ್ದೆಗೆ ನೀರು ತರಲು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡುತ್ತಾ ನಡೆದು ಬರುತ್ತಿದ್ದಳಂತೆ. ರೋಮಿನ ಗಣ್ಯ ಮನೆತನದಲ್ಲಿ ಬೆಳೆದವನಿಗೆ ಮೊದಲ ನೋಟಕ್ಕೆ ರಾಣಿಯೆಂದು ಅನ್ನಿಸಲೇ ಇಲ್ಲ. ಅವಳು ಬಾಯಿ ತೆರೆದಾಗ ಮಾತ್ರ ಆ ಗಾಂಭೀರ್ಯಕ್ಕೆ ತಲೆದೂಗಿದ. ಒಡವೆಯ ರಾಣಿಯ ಚಿತ್ರವನ್ನು ಅಳಿಸಲು ನನಗೆ ತಿಳಿದಂತೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಇಕ್ಕೇರಿಯ ಅರಮನೆಯ ಸಂಗತಿಯೊಂದನ್ನೂ ಅವನು ಬರೆದಿಟ್ಟಿದ್ದಾನೆ. ವೆಂಕಟಪ್ಪನ ಪಟ್ಟದ ರಾಣಿ ಭದ್ರಮ್ಮ. ಗಂಡ ಹೊರಗೆ ಬೇರೊಬ್ಬ ಹೆಣ್ಣನ್ನು ಇಟ್ಟುಕೊಂಡದ್ದು ತಿಳಿದಾಗ, ಇನ್ನು ನಿನ್ನೊಡನೆ ಹೆಂಡತಿಯಾಗಿ ಬಾಳುವುದಿಲ್ಲ ಎಂದು ಆಣೆಯಿಟ್ಟಳು. ಅರಮನೆ ಬಿಟ್ಟು ಹೋಗಲಿಲ್ಲ, ಆಣೆಯನ್ನೂ ಮುರಿಯಲಿಲ್ಲ. ಅರಸನೂ ಅವಳ ಮೇಲಿನ ಗೌರವ ಬಿಡಲಿಲ್ಲ. ಹೆಣ್ಣು ಬಾಯಿ ತೆರೆಯದೆ ಎಲ್ಲವನ್ನೂ ಸಹಿಸುತ್ತಿದ್ದಳು ಎನ್ನುವವರು ಭದ್ರಮ್ಮನನ್ನು ನೆನೆಯಬೇಕು.

ಹಾಗೆಂದು ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಅದೇ ಇಕ್ಕೇರಿಯಲ್ಲಿ ಗಂಡನ ಚಿತೆ ಏರಲು ನಿಶ್ಚಯಿಸಿ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ ಒಬ್ಬ ತೆಲುಗು ಹೆಂಗಸನ್ನು ದೆಲ್ಲಾ ವಾಲ್ಲೆ ಕಂಡು ಮಾತನಾಡಿಸಿದ್ದ. ತಡೆಯಲು ನೋಡಿ ಸೋತಿದ್ದ. ಅವಳ ಗಂಡ ವಾದ್ಯ ಬಾರಿಸುವವನು. ಇದಾಗಿ ಐವತ್ತು ವರ್ಷ ತುಂಬುವುದರೊಳಗೆ ಅದೇ ರಾಜ್ಯದಲ್ಲಿ ಗಂಡ ಸತ್ತ ಹೆಣ್ಣೊಬ್ಬಳು ಪಟ್ಟವೇರಿದಳು. ಸೋಮಶೇಖರ ನಾಯಕ ಕಲಾವತಿ ಎಂಬ ನರ್ತಕಿಯ ಮೋಹಕ್ಕೆ ಬಿದ್ದು ಕೊನೆಗೆ ಕೊಲೆಯಾದ. ಬಿಜಾಪುರದ ಸೇನೆ ಬಾಗಿಲಿಗೆ ಬಂದಿತ್ತು. ಚೆನ್ನಮ್ಮ ಭುವನಗಿರಿಗೆ, ಅಂದರೆ ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗಕ್ಕೆ ಸರಿದು ಅಲ್ಲಿ ಅಧಿಕಾರ ಹಿಡಿದಳು.

“ಹೆಣ್ಣಿಗೆ ರಾಜಕೀಯದಲ್ಲಿ ಜಾಗ ಕೊಟ್ಟದ್ದು ಯುರೋಪು.”

ಕಾಲ ಒಂದೇ ಇರುವುದರಿಂದ ಹೋಲಿಸಿ ನೋಡಬಹುದು. ಚೆನ್ನಮ್ಮ ಬಿದನೂರಿನಲ್ಲಿ ಆಳುತ್ತಿದ್ದಾಗ, 1682ರಲ್ಲಿ, ಹದಿನಾಲ್ಕನೇ ಲೂಯಿ ಫ್ರಾನ್ಸಿನ ಆಸ್ಥಾನವನ್ನು ವರ್ಸೇಲ್ಸ್ ಅರಮನೆಗೆ ಸಾಗಿಸಿದ. ಅಲ್ಲಿನ ಕುಲೀನ ಹೆಂಗಸರೂ ಸುಮ್ಮನೆ ಕುಳಿತವರಲ್ಲ. ರಾಣಿಯ ಉಡುಪು ನೋಡಿಕೊಳ್ಳುವುದು, ಭೇಟಿಗೆ ಬಂದವರನ್ನು ಒಳಗೆ ಬಿಡುವುದು ಇವೆಲ್ಲ ಸಂಬಳದ ಹುದ್ದೆಗಳು. ರಾಣಿಯ ಎದುರು ಬೆನ್ನಾಸರೆಯಿಲ್ಲದ ಪುಟ್ಟ ಮಣೆಯ ಮೇಲೆ ಕೂರುವ ಹಕ್ಕು ಡಚೆಸ್‌ಗಳಿಗಿತ್ತು. ಅದಕ್ಕಾಗಿ ಮನೆತನಗಳು ಜಗಳವಾಡುತ್ತಿದ್ದವು. ಆದರೆ ಸಿಂಹಾಸನದ ಹಕ್ಕು ಫ್ರಾನ್ಸಿನಲ್ಲಿ ಹೆಣ್ಣಿಗೆ ಇರಲೇ ಇಲ್ಲ. ಲೂಯಿಯ ತಾಯಿ ಆನ್ ಆಡಳಿತ ನಡೆಸಿದ್ದು ಮಗ ಚಿಕ್ಕವನೆಂಬ ಕಾರಣಕ್ಕೆ, 1651ರವರೆಗೆ ಮಾತ್ರ. ಚೆನ್ನಮ್ಮನೂ ಬಸಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಳು ನಿಜ. ಆದರೆ ಅವನು ಬೆಳೆದು ದೊಡ್ಡವನಾದ ಮೇಲೂ, ತನ್ನ ಕೊನೆಗಾಲದವರೆಗೂ ಅಧಿಕಾರ ಅವಳದ್ದೇ. ಆ ಹುಡುಗನೇ ಮುಂದೆ 1709ರಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶ ಬರೆದ. ಅವನನ್ನು ಓದಿಸಿ ಬೆಳೆಸಿದ ಮನೆ ಚೆನ್ನಮ್ಮನದು.

ಔರಂಗಜೇಬನನ್ನು ಆಕೆ ಯುದ್ಧದಲ್ಲಿ ಎದುರಾಬದುರು ಸೋಲಿಸಿದಳು ಎಂಬ ಮಾತನ್ನು ವೇದಿಕೆಗಳಲ್ಲಿ ಬಹಳ ಕೇಳುತ್ತೇವೆ. ನಡೆದದ್ದು ಬೇರೆ. 1689ರಲ್ಲಿ ಮೊಘಲರು ಮರಾಠರ ಅರಸ ಸಂಭಾಜಿಯನ್ನು ಕೊಂದ ಮೇಲೆ ಅವನ ತಮ್ಮ ರಾಜಾರಾಮ ವೇಷ ಮರೆಸಿಕೊಂಡು ಜಿಂಜಿಯ ಕಡೆಗೆ ಹೊರಟ. ಅವನಿಗೆ ಆಸರೆ ಕೊಟ್ಟು ದಾಟಿಸಿದ್ದು ಚೆನ್ನಮ್ಮ. ಸಿಟ್ಟಾದ ಬಾದಶಹ ತಾನು ಬರಲಿಲ್ಲ. ಜಾನ್ ನಿಸಾರ್ ಖಾನನನ್ನು ಸೇನೆಯೊಡನೆ ಕಳಿಸಿದ. ಕಾದಾಟವಾಯಿತು, ಕೊನೆಗೆ ಸಂಧಿಯಾಯಿತು. ಅಷ್ಟರಲ್ಲಿ ರಾಜಾರಾಮ ಕೈತಪ್ಪಿ ಹೋಗಿದ್ದ, ಬಿದನೂರು ಉಳಿದಿತ್ತು. ದಕ್ಷಿಣದ ಬಿಜಾಪುರ, ಗೋಲ್ಕೊಂಡಗಳೇ ಮೊಘಲರ ಹೊಟ್ಟೆ ಸೇರಿದ್ದ ಹೊತ್ತಿನಲ್ಲಿ ಇದು ಎಂಥ ಎದೆಗಾರಿಕೆ! ಇಲ್ಲದ ಮಹಾಯುದ್ಧವನ್ನು ಸೇರಿಸುವ ಅಗತ್ಯವೇ ಇಲ್ಲ.

ಅತಿ ಹೆಚ್ಚು ಅನ್ಯಾಯವಾಗಿರುವುದು ಕೊನೆಯ ರಾಣಿ ವೀರಮ್ಮಾಜಿಗೆ. “ಅವಳ ನಡತೆಯಿಂದ ಬಿದನೂರು ಹಾಳಾಯಿತು” ಎಂದು ಹಿರಿಯರು ಈಗಲೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ 1763ರಲ್ಲಿ ಮೈಸೂರಿನ ಹೈದರಾಲಿಯನ್ನು ಬಿದನೂರಿಗೆ ಎಳೆತಂದದ್ದು ಅದರ ಸಂಪತ್ತು. ಕರಾವಳಿಯ ಬಂದರುಗಳು, ಮೆಣಸು, ಅಕ್ಕಿ, ತುಂಬಿದ ಬೊಕ್ಕಸ. ಅರಸೊತ್ತಿಗೆ ತನ್ನದೆಂದು ಹೇಳಿಕೊಂಡು ಬಂದ ಒಬ್ಬ ಯುವಕ ಅವನಿಗೆ ನೆಪವಾದ. ಹಣ ಕೊಟ್ಟು ಹೈದರನನ್ನು ಹಿಂದಿರುಗಿಸಲು ವೀರಮ್ಮಾಜಿ ನೋಡಿದಳು, ಅವನು ಒಪ್ಪಲಿಲ್ಲ. ಬಿದನೂರು ಕೈಬಿಟ್ಟ ಮೇಲೆ ಬಲ್ಲಾಳರಾಯನದುರ್ಗದಲ್ಲಿ ಸೆರೆಸಿಕ್ಕ ಆಕೆಯನ್ನು ಮಧುಗಿರಿಯಲ್ಲಿ ಇಟ್ಟರು. ಗಂಡಸು ಅರಸನಾಗಿದ್ದು ಸೋತಿದ್ದರೆ ಸೇನೆ, ಮಂತ್ರಿ, ದ್ರೋಹ ಎಂದು ನೂರು ಕಾರಣ ಹುಡುಕುತ್ತಿದ್ದೆವು.

ತಪ್ಪನ್ನೆಲ್ಲ ರಾಣಿಯ ತಲೆಗೆ ಕಟ್ಟುವುದು ಫ್ರಾನ್ಸಿನಲ್ಲೂ ಹೀಗೇ ಆಯಿತು. ರೊಟ್ಟಿಯಿಲ್ಲದ ಬಡವರು ಸಿಹಿ ರೊಟ್ಟಿ ತಿನ್ನಲಿ ಎಂದಳು ಎಂಬ ಅಪವಾದ ರಾಣಿ ಮರೀ ಆಂತ್ವಾನೆತ್‌ಗೆ ಅಂಟಿದೆ. ಯಾರೋ ಒಬ್ಬ ರಾಜಕುಮಾರಿಯ ಹೆಸರಿನಲ್ಲಿ ಆ ಕಥೆಯನ್ನು ರೂಸೊ ತನ್ನ ಆತ್ಮಕಥೆಯಲ್ಲಿ ಬರೆದಾಗ, 1755ರಲ್ಲಿ ಹುಟ್ಟಿದ ಆಕೆ ಇನ್ನೂ ಆಸ್ಟ್ರಿಯಾದಲ್ಲಿದ್ದ ಹುಡುಗಿ. ಫ್ರಾನ್ಸಿಗೆ ಸೊಸೆಯಾಗಿ ಬಂದದ್ದು 1770ರಲ್ಲಿ.

ವೀರಮ್ಮಾಜಿಯನ್ನು 1767ರಲ್ಲಿ ಮರಾಠರು ಮಧುಗಿರಿಯ ಸೆರೆಯಿಂದ ಬಿಡಿಸಿ ಪುಣೆಗೆ ಕರೆದೊಯ್ದರು. ಆಕೆ ದಾರಿಯಲ್ಲೇ ತೀರಿಕೊಂಡಳು. ಹೈದರ್ ಬಿದನೂರಿನ ಹೆಸರನ್ನು ಹೈದರನಗರ ಎಂದು ಬದಲಿಸಿದ್ದ. ಈಗಿನ ‘ನಗರ’ ಅದರಲ್ಲಿ ಉಳಿದ ತುಂಡು. ಅಲ್ಲಿನ ಕೊಪ್ಪಲು ಮಠದಲ್ಲಿ ಚೆನ್ನಮ್ಮನ ಸಮಾಧಿ ಇದೆ. ಶಿವಮೊಗ್ಗದಿಂದ ಒಂದು ದಿನದಲ್ಲಿ ಹೋಗಿ ಬರಬಹುದು, ಕವಲೇದುರ್ಗವನ್ನೂ ಸೇರಿಸಿಕೊಂಡು. ಶಾಲೆಗಳು ಮಕ್ಕಳನ್ನು ಕರೆದೊಯ್ಯಲಿ.