ಕೆರೆಯ ಹಳೆಯ ಹರಿಗೋಲನ್ನು ಅಲ್ಪವ್ಯಯದಲ್ಲಿ ದುರಸ್ತಿ ಮಾಡುವ ಕ್ರಮ

ಮಾಲೇಕಲ್ಲು ತಿರುಪತಿ ಬೆಟ್ಟದ ಸುತ್ತಣ ಹಳ್ಳಿಗಳಲ್ಲಿಯೂ ಅರಸೀಕೆರೆ ಸೀಮೆಯ ಇತರ ಭಾಗಗಳಲ್ಲಿಯೂ ಕೆರೆಗಳಿಗೆ ಕೊರತೆಯಿಲ್ಲ. ಕೆರೆಗಳಲ್ಲಿ ನೀರಿಗೆ ಕೊರತೆಯುಂಟು. ಪಶ್ಚಿಮಕ್ಕೆ ಬೇಲೂರಿನ ಕಡೆ ಹೋದಂತೆಲ್ಲಾ ಮಳೆ ಹೆಚ್ಚಿ ಯಗಚಿಯಂತಹ ಹೊಳೆಯ ಆಸರೆ ದೊರೆಯುವುದಾದರೂ, ಬಯಲುಸೀಮೆಯ ಈ ಭಾಗದಲ್ಲಿ ಕೆರೆ ಕೋಡಿ ಬೀಳುವುದು ಕೆಲವು ವರ್ಷಗಳಿಗೊಮ್ಮೆ ಮಾತ್ರ. ಹಾಗೆ ತುಂಬಿದ ವರ್ಷ ಗ್ರಾಮಸ್ಥರು ಮೀನಿನ ಮರಿಗಳನ್ನು ತಂದು ಬಿಡುತ್ತಾರೆ. ಕಾಟ್ಲ, ರೋಹು, ಗೆಂಡೆ ಮುಂತಾದ ಮೀನುಗಳು ಬೆಳೆದು ತೂಕಕ್ಕೆ ಬರುವ ವೇಳೆಗೆ, ಎರಡು ಮೂರು ವರ್ಷ ಗೋಡೆಗೆ ಒರಗಿದ್ದ ಹಳೆಯ ಹರಿಗೋಲನ್ನು ಹೊರಕ್ಕೆ ತೆಗೆದು, ಅದರ ಮೇಲೆ ಒಂದಿಷ್ಟು ಡಾಂಬರು ಬಳಿದು ನೀರಿಗೆ ಇಳಿಸುವುದು ವಾಡಿಕೆಯಾಗಿದೆ.

ಈ ವಾಡಿಕೆಯಿಂದ ಎರಡು ಬಗೆಯ ನಷ್ಟವುಂಟು. ಹರಿಗೋಲು ನಡುಗಾಲದಲ್ಲಿ ಕೈಕೊಟ್ಟರೆ ಹಿಡಿಯಬೇಕಾದ ಮೀನು ಕೆರೆಯಲ್ಲಿಯೇ ಉಳಿದು, ಬೇಸಗೆಯಲ್ಲಿ ನೀರು ಬತ್ತಿದಾಗ ಕೆಸರಿನಲ್ಲಿ ಸತ್ತು, ಗುತ್ತಿಗೆಯ ಹಣವೂ ಮರಿಗಳ ಹಣವೂ ವ್ಯರ್ಥವಾಗುತ್ತವೆ. ಎರಡನೆಯದು ಪ್ರಾಣದ ನಷ್ಟ, ಇದಕ್ಕೆ ಲೆಕ್ಕವಿಲ್ಲ. ಇವೆರಡನ್ನೂ ತಪ್ಪಿಸುವುದಕ್ಕೆ ಹೊಸ ದೋಣಿಯೇ ಬೇಕೆಂಬ ನಿಯಮವಿಲ್ಲ. ಇರುವ ಅಲ್ಪ ಹಣವನ್ನು ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಖರ್ಚು ಮಾಡಬೇಕೆಂಬ ಕ್ರಮವನ್ನು ತಿಳಿದಿದ್ದರೆ ಸಾಕು.

ಹರಿಗೋಲಿನ ಸ್ವರೂಪ

ಹರಿಗೋಲು ಬಹು ಪುರಾತನವಾದ ಸಾಧನ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯನ್ನು ದಾಟಿಸುತ್ತಿದ್ದ, ಚರ್ಮ ಹೊದಿಸಿದ ದುಂಡನೆಯ ಬುಟ್ಟಿದೋಣಿಗಳನ್ನು ಕಂಡು, ಅವು ನೆಟ್ಟಗೆ ಸಾಗದೆ ಸುತ್ತುತ್ತಾ ಹೋಗುವುದನ್ನೂ ಬರೆದಿಟ್ಟಿದ್ದಾನೆ. ಇರಾಕ್ ದೇಶದ ಟೈಗ್ರಿಸ್ ನದಿಯಲ್ಲಿಯೂ ಇದೇ ಬಗೆಯ ದುಂಡು ದೋಣಿಗಳು ಡಾಂಬರಿನ ಲೇಪದೊಡನೆ ಬಹುಕಾಲ ಬಳಕೆಯಲ್ಲಿದ್ದವು. ಇಂದು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಅಥವಾ ಚೀಲದ ಬಟ್ಟೆ ಬಂದಿದೆ. ರಚನೆ ಮಾತ್ರ ಬದಲಾಗಿಲ್ಲ.

ಆಗಾಗ್ಗೆ ಬತ್ತುವ ಕೆರೆಗಳಿಗೆ ಹಲಗೆಯ ದೋಣಿಗಿಂತ ಹರಿಗೋಲೇ ಅನುಕೂಲ. ಹಲಗೆಯ ದೋಣಿಯು ನೀರಿಲ್ಲದೆ ಬಿಸಿಲಿನಲ್ಲಿ ಬಿದ್ದರೆ ಮರ ಒಣಗಿ ಕುಗ್ಗಿ ಸಂದುಗಳು ಬಾಯಿ ಬಿಡುತ್ತವೆ. ಹರಿಗೋಲನ್ನಾದರೋ ಒಬ್ಬನೇ ಬೆನ್ನಮೇಲೆ ಹೊತ್ತು ನೆರಳಿಗೆ ಸೇರಿಸಬಹುದು. ಕೆಟ್ಟ ಭಾಗವನ್ನು ಊರಿನಲ್ಲಿಯೇ ಮೇದರ ಕೈಯಿಂದ ಸರಿಪಡಿಸಬಹುದು.

ಇದರಲ್ಲಿ ಮೂರು ಅಂಗಗಳಿವೆ: ಬಿದಿರಿನ ಬುಟ್ಟಿ, ಅದರ ಬಾಯಿಯ ಬಳೆ, ಹೊರಗಿನ ಹೊದಿಕೆ. ಹೊದಿಕೆಯು ನೀರನ್ನು ತಡೆಯುತ್ತದೆ. ಭಾರವನ್ನು ಹೊರುವುದು ಬುಟ್ಟಿ. ಬುಟ್ಟಿಯ ಆಕಾರವನ್ನು ಹಿಡಿದಿಡುವುದು ಬಾಯಿಯ ಬಳೆ. ಹೊದಿಕೆ ತೂತಾದರೆ ನೀರು ಜಿನುಗಿ ಅಪಾಯವನ್ನು ಮುಂಚಿತವಾಗಿಯೇ ತಿಳಿಸುತ್ತದೆ. ದಡ ಸೇರಲು ಕಾಲಾವಕಾಶವಿರುತ್ತದೆ. ಬಾಯಿಯ ಬಳೆಯು ಮುರಿದರೆ ಅಂತಹ ಸೂಚನೆಯಿಲ್ಲ. ಬಲೆಯನ್ನು ಎಳೆಯುವಾಗ ಒಂದು ಕಡೆಗೆ ಭಾರ ಬಿದ್ದ ಕ್ಷಣದಲ್ಲಿಯೇ ಬದಿಯು ಮಡಿಚಿಕೊಂಡು ನೀರು ಒಳನುಗ್ಗುತ್ತದೆ. ಆದಕಾರಣ ಹಣವನ್ನು ಮೊದಲು ಬಳೆಗೂ ಬುಟ್ಟಿಗೂ, ಅನಂತರ ಹೊದಿಕೆಗೂ, ಕೊನೆಯಲ್ಲಿ ಡಾಂಬರಿಗೂ ವೆಚ್ಚ ಮಾಡತಕ್ಕದ್ದು. ಡಾಂಬರಿನಿಂದ ಆರಂಭಿಸುವುದು, ಕುಸಿಯುವ ಗೋಡೆಗೆ ಸುಣ್ಣ ಬಳಿದಂತೆ.

ಪರೀಕ್ಷೆ ಮಾಡುವ ಕ್ರಮ

ಹರಿಗೋಲನ್ನು ಹಗಲು ಬೆಳಕಿನಲ್ಲಿ ಬೋರಲು ಹಾಕಿ, ಹಳೆಯ ಹೊದಿಕೆಯನ್ನು ಹೊಲಿಗೆ ಬಿಚ್ಚಿ ಹರಿಯದಂತೆ ತೆಗೆಯಬೇಕು. ಬುಟ್ಟಿಯನ್ನು ಗುಡಿಸಿ, ಒಣಗಿದ ಕೆಸರನ್ನು ಕೆರೆದುಹಾಕಿ ಎರಡು ದಿವಸ ನೆರಳಿನಲ್ಲಿ ಆರಲು ಬಿಡಬೇಕು. ಬಳಿಕ ಪ್ರತಿಯೊಂದು ದಬ್ಬೆಯನ್ನೂ ದಬ್ಬಳದಿಂದ ಚುಚ್ಚಿ ನೋಡಬೇಕು. ಗಟ್ಟಿ ಬಿದಿರಿನೊಳಕ್ಕೆ ದಬ್ಬಳ ಇಳಿಯುವುದಿಲ್ಲ. ಸಣ್ಣ ರಂಧ್ರಗಳಿಂದ ಬಿಳಿಯ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆಯೆಂದೂ, ಕಪ್ಪಾಗಿ ಮೆತ್ತಗಾಗಿದ್ದರೆ ಕೊಳೆತಿದೆಯೆಂದೂ ತಿಳಿಯತಕ್ಕದ್ದು. ತಳವು ಬದಿಗೆ ತಿರುಗುವ ಬಾಗಿನ ಜಾಗದಲ್ಲಿ ನೀರು ನಿಲ್ಲುವುದರಿಂದ ಕೊಳೆತವು ಸಾಮಾನ್ಯವಾಗಿ ಅಲ್ಲಿಂದಲೇ ಮೊದಲಾಗುತ್ತದೆ. ಅಲ್ಲಿ ವಿಶೇಷ ಗಮನ ಬೇಕು.

ಬಾಯಿಯ ಬಳೆಯನ್ನು ಪರೀಕ್ಷಿಸುವಾಗ ಇಬ್ಬರು ಎದುರು ಬದುರು ನಿಂತು ಅಂಚನ್ನು ಹಿಡಿದು ಒಮ್ಮೆ ಒಳಕ್ಕೆ ಒತ್ತಿ, ಒಮ್ಮೆ ಹೊರಕ್ಕೆ ಎಳೆಯಬೇಕು. ಕೈಬಿಟ್ಟಾಗ ದುಂಡಗಾಗಿ ಹಿಂದಿರುಗಿದರೆ ಬಳೆ ಚೆನ್ನಾಗಿದೆ. ಚಿಟಿಚಿಟಿ ಶಬ್ದವಾದರೆ ಅಥವಾ ಒತ್ತಿದಂತೆಯೇ ನಿಂತರೆ ಬಳೆಯನ್ನು ಬದಲಾಯಿಸದೆ ನೀರಿಗೆ ಇಳಿಯಕೂಡದು.

ಒಟ್ಟು ದಬ್ಬೆಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೆಟ್ಟಿದ್ದಲ್ಲಿ ದುರಸ್ತಿಯ ಯೋಚನೆಯನ್ನು ಬಿಟ್ಟು ಹೊಸ ಬುಟ್ಟಿಯನ್ನು ಹೆಣೆಸುವುದೇ ಮೇಲು. ಆಗಲೂ ಹಳೆಯ ಹೊದಿಕೆ, ಹಗ್ಗ, ಹುಟ್ಟು ಇವು ಉಪಯೋಗಕ್ಕೆ ಬರುವುದರಿಂದ ಎಲ್ಲ ಖರ್ಚೂ ಹೊಸದಾಗಿ ಬೀಳುವುದಿಲ್ಲ.

ಬುಟ್ಟಿಯ ದುರಸ್ತಿ

ಮೂರು ವರ್ಷಕ್ಕೆ ಕಡಿಮೆಯಿಲ್ಲದ ಬಲಿತ ಬಿದಿರನ್ನೇ ಆರಿಸಬೇಕು. ಎಳೆಯ ಬಿದಿರು ಬಾಗುವುದು ಸುಲಭವಾದರೂ ಅದಕ್ಕೆ ಕುಟ್ಟೆ ಬೇಗ ಹತ್ತುತ್ತದೆ. ಬಿದಿರಿನೊಳಗಿನ ಹಿಟ್ಟಿನಂಶವೇ ಈ ಹುಳುವಿಗೆ ಆಹಾರ. ಕಡಿದ ಬಿದಿರನ್ನು ಕೆಲವು ವಾರಗಳ ಕಾಲ ನೀರಿನಲ್ಲಿ ಮುಳುಗಿಸಿಟ್ಟರೆ ಆ ಅಂಶವು ಬಹುಮಟ್ಟಿಗೆ ಕರಗಿಹೋಗುವುದರಿಂದ ಹುಳುವಿನ ಬಾಧೆ ಕಡಿಮೆಯಾಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಮುಂಚಿತವಾಗಿ ಯೋಚಿಸುವುದೊಂದೇ ಬೇಕು.

ಮುರಿದ ದಬ್ಬೆಯನ್ನು ಕಿತ್ತುಹಾಕಲು ಹೋದರೆ ಸುತ್ತಲಿನ ಹೆಣಿಗೆಯೂ ಸಡಿಲವಾಗುತ್ತದೆ. ಅದನ್ನು ಅಲ್ಲಿಯೇ ಬಿಟ್ಟು, ಪಕ್ಕದಲ್ಲಿ ಜೊತೆ ದಬ್ಬೆಯೊಂದನ್ನು ಹೆಣಿಗೆಯೊಳಗೆ ತೂರಿಸಿ, ಮುರಿದ ಜಾಗದಿಂದ ಎರಡೂ ಕಡೆಗೆ ಒಂದೊಂದು ಅಡಿಯಾದರೂ ಮುಂದಕ್ಕೆ ಹಾಯುವಂತೆ ಮಾಡಬೇಕು. ಹೊಸ ದಬ್ಬೆಗಳನ್ನು ಒಂದು ದಿವಸ ನೆನೆಸಿದರೆ ಸೀಳದೆ ಬಾಗುತ್ತವೆ. ಬಿದಿರಿನ ಹಸಿರು ಸಿಪ್ಪೆಯ ಮುಖವು ಹೊರಕ್ಕೆ ಇರಬೇಕು. ಕಟ್ಟುವುದಕ್ಕೆ ನೈಲಾನ್ ಹುರಿಯನ್ನು ಉಪಯೋಗಿಸತಕ್ಕದ್ದು. ತಂತಿಯ ತುದಿಗಳು ಹೊದಿಕೆಯನ್ನು ಕೊರೆಯುವುದರಿಂದ ತಂತಿ ಬೇಡ.

ಇಬ್ಬರು ಕೂರುವ ಮೀನಿನ ಹರಿಗೋಲಿಗೆ ಬಾಯಿ 6 ಅಡಿ, ತಳ 5 ಅಡಿ, ಎತ್ತರ 20 ಅಂಗುಲ ಎಂದು ಇಟ್ಟುಕೊಂಡರೆ, ಬಾಯಿಯ ಸುತ್ತಳತೆ ಸುಮಾರು 19 ಅಡಿ ಆಗುತ್ತದೆ. ತುದಿಗಳು ಒಂದರ ಮೇಲೊಂದು ಹಾಯುವುದಕ್ಕೆ 3 ಅಡಿ ಸೇರಿಸಿ, 22 ಅಡಿ ಉದ್ದದ ದಬ್ಬೆಗಳನ್ನು ಬಳೆಗೆ ಸೀಳಿಸಬೇಕು. ಒಳಗಿನ ಬಳೆಯ ಕೂಡುವಿಕೆಯೂ ಹೊರಗಿನ ಬಳೆಯ ಕೂಡುವಿಕೆಯೂ ಒಂದೇ ಜಾಗದಲ್ಲಿ ಬರದೆ ಎದುರು ಬದುರಾಗಿರಬೇಕು. ಕೆಲಸ ಮುಗಿದ ಮೇಲೆ ಬುಟ್ಟಿಗೆ ಹೊಂಗೆಯ ಎಣ್ಣೆಯನ್ನು ಬಳಿದು ಆರಿಸಿದರೆ ಗೆದ್ದಲಿನ ಕಾಟ ಕಡಿಮೆಯಾಗುತ್ತದೆ.

ಹೊದಿಕೆ

ತಳಕ್ಕೆ 5 ಅಡಿ, ಎರಡು ಬದಿಗಳಿಗೆ ಸೇರಿ ಮೂರೂವರೆ ಅಡಿ, ಅಂಚಿನ ಮೇಲೆ ಮಡಿಸಿ ಹೊಲಿಯಲು ಉಳಿದದ್ದು, ಹೀಗೆ ಒಟ್ಟು 11 ಅಡಿ ಚೌಕದ ಹಾಳೆ ಬೇಕಾಗುತ್ತದೆ. ಹೊಸ ದಪ್ಪ ಟಾರ್ಪಾಲನ್ನು ಕೊಳ್ಳುವ ಶಕ್ತಿಯಿದ್ದರೆ ಉತ್ತಮ. ಇಲ್ಲವಾದರೆ ಪ್ರತಿ ರೈತನ ಮನೆಯಲ್ಲಿಯೂ ಬಿದ್ದಿರುವ ರಸಗೊಬ್ಬರದ ಚೀಲಗಳೇ ಸಾಕು. 2 ಅಡಿ ಅಗಲ, 3 ಅಡಿ ಉದ್ದದ ಚೀಲವನ್ನು ಹೊಲಿಗೆ ಬಿಚ್ಚಿ ಹರಡಿದರೆ 12 ಚದರ ಅಡಿ ಬಟ್ಟೆಯಾಗುತ್ತದೆ. ಹೊಲಿಗೆಯ ಮಡಿಕೆಗಳೂ ಸೇರಿ 12ರಿಂದ 14 ಚೀಲಗಳು ಒಂದು ಪದರಕ್ಕೆ ಸಾಕಾಗುತ್ತವೆ. ಚೀಲಗಳನ್ನು ಕೆರೆಯಿಂದ ದೂರದಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಒಂದರ ಮೇಲೊಂದು 3 ಅಂಗುಲ ಹಾಯಿಸಿ ಎರಡು ಸಾಲು ಹೊಲಿಗೆ ಹಾಕಬೇಕು. ಬಿಸಿಲಿನಲ್ಲಿ ಹಳತಾಗಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಚೀಲವನ್ನು ಸೇರಿಸಕೂಡದು.

ಬಿದಿರಿಗೂ ಹೊದಿಕೆಗೂ ನಡುವೆ ಹಳೆಯ ಜಮಖಾನ, ಗೋಣಿತಟ್ಟು ಅಥವಾ ಉಪಯೋಗಿಸಿ ಬಿಟ್ಟ ಫ್ಲೆಕ್ಸ್ ಬಟ್ಟೆಯನ್ನು ಮೆತ್ತೆಯಾಗಿ ಹಾಸಬೇಕು. ಹೊದಿಕೆಯು ಹರಿಯುವುದು ಹೊರಗಿನ ಪೆಟ್ಟಿನಿಂದ ಮಾತ್ರವಲ್ಲ, ಒಳಗಿನ ದಬ್ಬೆಯ ಉಜ್ಜುವಿಕೆಯಿಂದಲೂ ಹೌದು. ಬದಿಗಳಲ್ಲಿ ಹೆಚ್ಚಾಗುವ ಬಟ್ಟೆಯನ್ನು ಕತ್ತರಿಸದೆ ಮಡಿಕೆ ಮಾಡಿ ಮೇಲಕ್ಕೆ ತೆಗೆದುಕೊಂಡು, ಬಾಯಿಯ ಬಳೆಯ ಮೇಲೆ ಮಾತ್ರ ಹೊಲಿಯಬೇಕು. ಹೊದಿಕೆಯನ್ನು ಬುಟ್ಟಿಗೆ ಕಟ್ಟುವುದಕ್ಕಾಗಿ ನೀರಿನ ಮಟ್ಟದ ಕೆಳಗೆ ಎಲ್ಲಿಯೂ ಸೂಜಿ ಚುಚ್ಚಕೂಡದು.

ಡಾಂಬರು

ಕುದಿಯುವ ಡಾಂಬರನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದರೆ ಹಾಳೆಯೇ ಕರಗಿ, ಮುಚ್ಚಲು ಹೋದ ತೂತು ದೊಡ್ಡದಾಗುತ್ತದೆ. ಚೀಲದ ಬಟ್ಟೆಗೆ ಅಂಗಡಿಯಲ್ಲಿ ದೊರೆಯುವ, ತಣ್ಣಗೆ ಬಳಿಯುವ ಡಾಂಬರೇ ಯುಕ್ತ. ಬೆಲೆ ಸ್ವಲ್ಪ ಹೆಚ್ಚಾದರೂ ಹೊಲಿಗೆಯ ಸಾಲುಗಳಿಗೂ ತಳಕ್ಕೂ ಮಾತ್ರ ಹಚ್ಚಿದರೆ ಖರ್ಚು ಮಿತಿಯಲ್ಲಿರುತ್ತದೆ. ಕಾಯಿಸಿದ ಡಾಂಬರನ್ನೇ ಬಳಸಬೇಕಾದಲ್ಲಿ, ಚೆನ್ನಾಗಿ ಆರಿ ಕಷ್ಟದಿಂದ ಹರಡುವಷ್ಟು ಮಂದವಾದ ಮೇಲೆ, ಮೊದಲು ಒಂದು ಚೂರು ಬಟ್ಟೆಯ ಮೇಲೆ ಪರೀಕ್ಷಿಸಿ ಬಳಿಯಬೇಕು. ಪಾತ್ರೆಯಲ್ಲಿ ಒಂದು ತೊಟ್ಟು ನೀರಿದ್ದರೂ ಕಾದ ಡಾಂಬರು ಉಕ್ಕಿ ಸಿಡಿಯುತ್ತದೆ. ಒಲೆಯ ಬಳಿ ಸೀಮೆಎಣ್ಣೆಯನ್ನಾಗಲಿ ಮಕ್ಕಳನ್ನಾಗಲಿ ಸೇರಿಸಕೂಡದು. ತೆಳುವಾದ ಎರಡು ಲೇಪಗಳು ದಪ್ಪನೆಯ ಒಂದು ಲೇಪಕ್ಕಿಂತ ಹೆಚ್ಚು ಬಾಳುತ್ತವೆ.

ಭಾರದ ಲೆಕ್ಕ

ತಳವು 5 ಅಡಿ ಅಗಲವಿರುವ ಹರಿಗೋಲು ಒಂದು ಅಂಗುಲ ಮುಳುಗಿದರೆ ಸುಮಾರು 46 ಕಿಲೋ ಭಾರವನ್ನು ಹೊರುತ್ತದೆ. ಇಬ್ಬರು ಮನುಷ್ಯರು 120 ಕಿಲೋ, ಬಲೆ ಮತ್ತು ಮೀನು 40 ಕಿಲೋ, ಹರಿಗೋಲಿನ ಸ್ವಂತ ತೂಕ 40 ಕಿಲೋ ಎಂದು ಹಿಡಿದರೆ ಒಟ್ಟು 200 ಕಿಲೋಗೆ ಅದು ನಾಲ್ಕೂವರೆ ಅಂಗುಲದಷ್ಟು ಮುಳುಗುತ್ತದೆ. 20 ಅಂಗುಲದ ಬದಿಯಲ್ಲಿ ಬೇಕಾದಷ್ಟು ಉಳಿಯುತ್ತದೆ. ಆದರೆ ಒಳಗೆ ಸೇರುವ ನೀರಿಗೂ ಇದೇ ಲೆಕ್ಕ. ತಳದಲ್ಲಿ 3 ಅಂಗುಲ ನೀರು ನಿಂತರೆ ಇನ್ನಿಬ್ಬರು ಮನುಷ್ಯರು ಹತ್ತಿ ಕುಳಿತಂತಾಯಿತು. ಮೇಲಾಗಿ ಮನುಷ್ಯರಾದರೆ ಕುಳಿತಲ್ಲಿ ಇರುತ್ತಾರೆ. ನೀರು ವಾಲಿದ ಕಡೆಗೇ ಹರಿದು ವಾಲುವಿಕೆಯನ್ನು ಹೆಚ್ಚಿಸುತ್ತದೆ. ಆದಕಾರಣ ನೀರು ಮೊಗೆಯುವ ಡಬ್ಬಿಯೊಂದನ್ನು ಹುರಿಯಿಂದ ಕಟ್ಟಿ ಯಾವಾಗಲೂ ಒಳಗೆ ಇಟ್ಟಿರಬೇಕು. ಬಿರಡೆ ಬಿಗಿದ 20 ಲೀಟರಿನ ಖಾಲಿ ಕ್ಯಾನುಗಳನ್ನು ಬಾಯಿಯ ಬಳೆಯ ಕೆಳಗೆ ಎದುರು ಬದುರಾಗಿ ಎರಡು ಜೊತೆ ಬಿಗಿದರೆ, ಹರಿಗೋಲು ಮಗುಚಿದರೂ ಹಿಡಿದುಕೊಳ್ಳಲು ಆಸರೆಯಿರುತ್ತದೆ. ಇದಕ್ಕಿಂತ ಅಗ್ಗವಾದ ಪ್ರಾಣರಕ್ಷಣೆ ಇನ್ನೊಂದಿಲ್ಲ. ರಕ್ಷಣಾ ಅಂಗಿ ದೊರೆತರೆ ಅದನ್ನೂ ತೊಡುವುದು ಅವಶ್ಯ.

ನೀರಿಗೆ ಇಳಿಸುವುದು ಮತ್ತು ಜೋಪಾನ

ದುರಸ್ತಿಯಾದ ಹರಿಗೋಲಿಗೆ ಒಡನೆಯೇ ಜನರು ಹತ್ತಬಾರದು. ಮೊಣಕಾಲುದ್ದ ನೀರಿನಲ್ಲಿ, 200 ಕಿಲೋ ತೂಗುವಷ್ಟು ಮಣ್ಣಿನ ಚೀಲಗಳನ್ನು ತುಂಬಿ ಒಂದು ರಾತ್ರಿ ಕಟ್ಟಿಹಾಕಬೇಕು. ಬೆಳಿಗ್ಗೆ ತಳದಲ್ಲಿ ನೀರು ಕಂಡುಬಂದರೆ ಜಿನುಗುವ ಜಾಗವನ್ನು ಸುಣ್ಣದಿಂದ ಗುರುತು ಮಾಡಿ, ಹೊರಕ್ಕೆ ತೆಗೆದು ಒಣಗಿಸಿ ತೇಪೆ ಹಾಕಬೇಕು.

ಈ ಸೀಮೆಯ ಕೆರೆಗಳಲ್ಲಿ ಹೊದಿಕೆಗೆ ದೊಡ್ಡ ಶತ್ರು ಜಾಲಿ. ಬತ್ತಿದ ವರ್ಷಗಳಲ್ಲಿ ಕೆರೆಯಂಗಳದಲ್ಲಿ ಬೆಳೆದ ಜಾಲಿಗಿಡಗಳು ಕೆರೆ ತುಂಬಿದಾಗ ನೀರಿನ ಕೆಳಗೆ ಮುಳುಗಿ, ಮುಳ್ಳು ಮೊಂಡುಗಳು ಕಣ್ಣಿಗೆ ಕಾಣದೆ ಹರಿಗೋಲನ್ನು ಸೀಳುತ್ತವೆ. ಮಳೆಗಾಲಕ್ಕೆ ಮೊದಲೇ ಇವನ್ನು ಬೇರುಸಹಿತ ಕೀಳಿಸಿದರೆ ಹೊದಿಕೆಯೂ ಬಲೆಯೂ ಉಳಿಯುತ್ತವೆ. ಕೋಡಿ ಹರಿಯುತ್ತಿರುವಾಗ ಅದರ ಸಮೀಪಕ್ಕೂ, ತೂಬು ಎತ್ತಿರುವಾಗ ಅದರ ಬಳಿಗೂ ಹರಿಗೋಲನ್ನು ಒಯ್ಯಕೂಡದು.

ಪ್ರತಿದಿನ ಕೆಲಸ ಮುಗಿದ ಮೇಲೆ ಹರಿಗೋಲನ್ನು ಎಳೆಯದೆ ಎತ್ತಿ ದಡಕ್ಕೆ ತಂದು, ನೆರಳಿನಲ್ಲಿ ಕಲ್ಲುಗಳ ಮೇಲೆ ಬೋರಲು ಇಡಬೇಕು. ಪ್ಲಾಸ್ಟಿಕ್ಕಿಗೆ ನೀರಿಗಿಂತ ಬಿಸಿಲೇ ಹೆಚ್ಚು ಕೇಡು. ಕೆರೆ ಬತ್ತಿದ ವರ್ಷ ಹೊದಿಕೆಯನ್ನು ಬಿಚ್ಚಿ ಮಡಿಸಿ ಮನೆಯೊಳಗೆ ಇಟ್ಟು, ಬುಟ್ಟಿಯನ್ನು ಗೆದ್ದಲು ಹತ್ತದಂತೆ ನೆಲದಿಂದ ಮೇಲಕ್ಕೆ ತೂಗುಹಾಕಬೇಕು.

ಗ್ರಾಮದ ಮುಖಂಡರು ಗಮನಿಸತಕ್ಕ ಅಂಶಗಳು

ಹರಿಗೋಲಿನ ದುರಸ್ತಿಯು ಮೀನು ಹಿಡಿಯುವ ಬೆಸ್ತನೊಬ್ಬನ ಹೊಣೆಯೆಂದು ಭಾವಿಸುವುದು ಸರಿಯಲ್ಲ. ಮೀನಿನ ಗುತ್ತಿಗೆಯ ಹಣವು ಪಂಚಾಯಿತಿಗೆ ಬರುವ ಕಡೆ ಅದರ ಫಲ ಊರಿಗೆಲ್ಲಾ ಸೇರುತ್ತದೆ. ಅಪಾಯ ಮಾತ್ರ ನೀರಿಗೆ ಇಳಿಯುವವನ ಪಾಲು. ಬಿದಿರು ಬೆಳೆದಿರುವ ಜಮೀನುದಾರರು ಎರಡು ಬಿದಿರು, ಮನೆಗೊಂದರಂತೆ ಗೊಬ್ಬರದ ಚೀಲ, ಮೇದರ ಕೂಲಿಗೆ ಅಲ್ಪ ಹಣ, ಇಷ್ಟನ್ನು ಊರವರು ಕೂಡಿಸಿದರೆ ಯಾರಿಗೂ ಭಾರವಾಗದೆ ಹರಿಗೋಲು ಸಿದ್ಧವಾಗುತ್ತದೆ. ಹೊಸ ಹರಿಗೋಲಿಗೆ ಸಹಾಯಧನ ದೊರೆಯುವುದೇ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸುವುದೂ ಮುಖಂಡರ ಕೆಲಸವೇ.

ಸಾರಾಂಶ

1. ಮೊದಲು ಬಳೆ ಮತ್ತು ಬುಟ್ಟಿ, ಆಮೇಲೆ ಹೊದಿಕೆ, ಕೊನೆಗೆ ಡಾಂಬರು.
2. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೆಟ್ಟ ಬುಟ್ಟಿಗೆ ದುರಸ್ತಿ ಬೇಡ.
3. ನೀರಿನ ಮಟ್ಟದ ಕೆಳಗೆ ಹೊದಿಕೆಯನ್ನು ಬುಟ್ಟಿಗೆ ಹೊಲಿಯಬಾರದು. ಪ್ಲಾಸ್ಟಿಕ್ಕಿನ ಮೇಲೆ ಕುದಿಯುವ ಡಾಂಬರು ಬೇಡ.
4. ಮಣ್ಣಿನ ಚೀಲಗಳಿಂದ ಒಂದು ರಾತ್ರಿ ಪರೀಕ್ಷಿಸದೆ ಮನುಷ್ಯರು ಹತ್ತಬಾರದು.
5. ಖಾಲಿ ಕ್ಯಾನುಗಳೂ ಮೊಗೆಯುವ ಡಬ್ಬಿಯೂ ಇಲ್ಲದೆ ಯಾವ ಹರಿಗೋಲೂ ದಡ ಬಿಡಕೂಡದು.